ಬೆಂಬಲ ಪಡೆ, ಬಾಯಿ ಅಡವಿಡಬೇಡ

ಪ್ರಿಯ ತಮ್ಮ,

ಕಾಗದ ತಲುಪಿತು. ಪಕ್ಷೇತರನಾಗಿ ವಿಧಾನಸಭೆಗೆ ನಿಲ್ಲಬೇಕೆಂದಿದ್ದೀಯ. 'ನಿಮ್ಮೆದುರು ನಾವು ಅಭ್ಯರ್ಥಿ ಹಾಕುವುದಿಲ್ಲ, ನೀವೂ ಸ್ವಲ್ಪ ಮೆತ್ತಗಾಗಿ' ಎಂದು ದೊಡ್ಡ ಪಕ್ಷವೊಂದು ಹೇಳಿ ಕಳಿಸಿದೆ. ಇದಕ್ಕೆ ಒಪ್ಪಿದರೆ ನಮಗೂ ಅವರಿಗೂ ಏನು ವ್ಯತ್ಯಾಸ ಎಂದು ನಿನ್ನ ಸಂಗಡಿಗರಲ್ಲಿ ಅರ್ಧ ಜನ ಮುನಿಸಿಕೊಂಡಿದ್ದಾರೆ. ಆ ಪಕ್ಷದವರು ಹೇಳಿ ಕಳಿಸಿದ್ದರಲ್ಲಿ ಎರಡು ಮಾತುಗಳಿವೆ, ನೀವು ಒಂದೇ ಎಂದುಕೊಂಡು ಜಗಳವಾಡುತ್ತಿದ್ದೀರಿ. ಅಭ್ಯರ್ಥಿ ಹಾಕದಿರುವುದು ಅವರ ಕೆಲಸ, ಅದನ್ನು ಸಂತೋಷದಿಂದ ತೆಗೆದುಕೋ. ಮೆತ್ತಗಾಗುವುದು ನಿನ್ನ ಕೆಲಸ, ಅದಕ್ಕೆ ಒಪ್ಪಬೇಡ.

ಸಮಾಜವಾದಿ ಶಾಂತವೇರಿ ಗೋಪಾಲಗೌಡರ ಹೆಸರು ಹೇಳಿ ಹೇಳಿ ನಾವು ಹಿರಿಯರು ನಿಮ್ಮ ಕಿವಿ ತೂತು ಮಾಡಿದ್ದೇವೆ, ಗೊತ್ತು. ಆದರೆ ಅವರ ಬಡತನ, ಸಿಟ್ಟು, ಸಾಹಿತ್ಯಪ್ರೀತಿ ಇಷ್ಟನ್ನೇ ಹೊಗಳಿ ಸುಮ್ಮನಾಗುತ್ತೇವೆ. ಗೆದ್ದದ್ದು ಹೇಗೆಂದು ಹೇಳುವುದಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದು ಅಳತೆಯ ವಿಷಯಕ್ಕೆ. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ಇಟ್ಟುಕೊಂಡಿದ್ದ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರು. ಅವರನ್ನು ಮೊದಲು ಸಂಘಟಿಸಿದವರು ಎಚ್. ಗಣಪತಿಯಪ್ಪ. ಗೋಪಾಲಗೌಡರೂ ಉಳಿದ ಸಮಾಜವಾದಿಗಳೂ ಆಮೇಲೆ ಬಂದರು. ಅವರ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಡಿದವರಲ್ಲಿ ಹೆಚ್ಚಿನವರು ದೀವರು, ಗೋಪಾಲಗೌಡರು ಒಕ್ಕಲಿಗರು. ಇವತ್ತಿನ ಜಾತಿ ಲೆಕ್ಕದ ಪಂಡಿತರನ್ನು ಕೇಳಿದ್ದರೆ ಅತ್ತ ಹೋಗಲೇಬೇಡಿ ಎನ್ನುತ್ತಿದ್ದರು.

ಕಾಗೋಡಿನ ಆ ಸತ್ಯಾಗ್ರಹ ಆಗ ಗೆಲ್ಲಲಿಲ್ಲ. ಮರುವರ್ಷ, 1952ರಲ್ಲಿ, ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಕಾಂಗ್ರೆಸ್ಸನ್ನು ಸೋಲಿಸಿ ವಿಧಾನಸಭೆಗೆ ಹೋದರು. ಜನ ವೋಟಿನ ಜೊತೆ ನೋಟನ್ನೂ ಕೊಟ್ಟರು ಎಂದು ಮಲೆನಾಡಿನಲ್ಲಿ ಈಗಲೂ ಹೇಳುತ್ತಾರೆ. ಹೆಚ್ಚು ಜನರನ್ನು ಸೇರಿಸಲು ಗೋಪಾಲಗೌಡರು ಬೇಡಿಕೆಯನ್ನು ಕಿರಿದು ಮಾಡಲಿಲ್ಲ, ಹಿರಿದು ಮಾಡಿದರು. ಕೊಳಗದ ಜಗಳ ಒಂದು ಊರಿನದು. ಉಳುವವನಿಗೇ ಭೂಮಿ ಎಂದಾಗ ಅದು ಎಲ್ಲ ಗೇಣಿದಾರರದಾಯಿತು. ನಿನ್ನ ಭಾಷಣದಲ್ಲಿ ನನಗೆ ಕಾಣುವ ಕೊರತೆ ಇದೇ. ಕೆರೆ ಒತ್ತುವರಿಯ ದಾಖಲೆಗಳೆಲ್ಲ ನಿನ್ನ ಬಾಯಲ್ಲಿವೆ. ಅಡಕೆ ಸುಲಿಯಲು ಹೋಗುವ ಹೆಂಗಸಿಗೆ ಅದರಿಂದ ಏನಾಗಬೇಕು ಎಂಬುದು ಮಾತ್ರ ಇಲ್ಲ.

ನನ್ನ ಮಾತಿಗೇ ಅಡ್ಡ ಬರುವ ಸಂಗತಿಯೂ ಇದೆ, ಮುಚ್ಚಿಡುವುದಿಲ್ಲ. ಗೋಪಾಲಗೌಡರು 1957ರಲ್ಲಿ ಸೋತರು, ಮತ್ತೆ ಗೆದ್ದರು, 1972ರಲ್ಲಿ ತೀರಿಕೊಂಡರು. ಗೇಣಿದಾರನಿಗೆ ಭೂಮಿ ಕೊಟ್ಟ ಕಾನೂನು ಬಂದದ್ದು 1974ರಲ್ಲಿ, ಕಾಂಗ್ರೆಸ್ಸಿನ ದೇವರಾಜ ಅರಸರಿಂದ. ಗೋಪಾಲಗೌಡರದೇ ಸಮಾಜವಾದಿ ಗರಡಿಯಿಂದ ಬಂದ ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಮುಂದೆ ಕಾಂಗ್ರೆಸ್ ಸೇರಿ ಅಧಿಕಾರ ಕಂಡರು. ಹಾಗಾದರೆ ಹೊರಗೆ ನಿಂತು ಕೂಗಿದ್ದು ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಇಪ್ಪತ್ತು ವರ್ಷ ಯಾರೋ ಕೂಗಿದ್ದರಿಂದಲೇ ಅರಸರ ಕಾಲಕ್ಕೆ ಆ ಮಾತು ಸರ್ಕಾರದ ಬಾಯಿಗೂ ಬಂತು. ಹಾಗೆಯೇ ಬಹುಮತವಿಲ್ಲದೆ ಕಾನೂನು ಆಗುತ್ತಿರಲಿಲ್ಲ ಎಂಬುದೂ ನಿಜ. ಒಳಗಿರುವವರೆಲ್ಲ ಕೆಟ್ಟವರೆಂದು ವೇದಿಕೆ ಮೇಲೆ ಬಯ್ಯುವುದನ್ನು ಇನ್ನಾದರೂ ಬಿಡು. ನಾಳೆ ನಿನ್ನ ಮಸೂದೆಗೆ ಕೈ ಎತ್ತಬೇಕಾದವರು ಅವರೇ.

ಇನ್ನು ಬೆಂಬಲದ ವಿಷಯ. ಮೇಲುಕೋಟೆ ಕ್ಷೇತ್ರ ನೋಡು. ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ವರ್ಷದ ಚುನಾವಣೆಗೆ ಮಗ ದರ್ಶನ್ ನಿಂತರು, ಕಾಂಗ್ರೆಸ್ ಅಭ್ಯರ್ಥಿ ಹಾಕಲಿಲ್ಲ. ಆದರೂ ಗೆದ್ದವರು ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು. 2023ರಲ್ಲಿ ಅದೇ ಎದುರಾಳಿ, ಅದೇ ಕಾಂಗ್ರೆಸ್ ಬೆಂಬಲ. ಸರ್ವೋದಯ ಕರ್ನಾಟಕ ಪಕ್ಷದಿಂದ ನಿಂತ ದರ್ಶನ್ ಗೆದ್ದರು. ಹೊಂದಾಣಿಕೆಯೇ ಗೆಲ್ಲಿಸುವುದಾಗಿದ್ದರೆ 2018ರಲ್ಲೇ ಗೆಲ್ಲಿಸಬೇಕಿತ್ತು. ಅದರ ಮೇಲೆ ಅತಿಯಾದ ಆಸೆಯೂ ಬೇಡ, ಮೈಲಿಗೆಯೂ ಬೇಡ.

ಯಾವುದರಲ್ಲಿ ರಾಜಿ ಎಂದು ಕೇಳಿದ್ದೀಯ. ಮಾತಿನ ಖಾರದಲ್ಲಿ ಮಾಡಿಕೋ. ಪ್ರಚಾರದ ಹಾದಿಯಲ್ಲಿ ದೇವಸ್ಥಾನ ಸಿಕ್ಕರೆ ಕೈ ಮುಗಿ, ನಿನ್ನ ನಾಸ್ತಿಕತೆಗೆ ಯಾರೂ ವೋಟು ಹಾಕುವುದಿಲ್ಲ. ಹತ್ತು ಬೇಡಿಕೆಗಳಲ್ಲಿ ಯಾವುದು ಈ ಅವಧಿಗೆ, ಯಾವುದು ಮುಂದಕ್ಕೆ ಎಂಬುದರಲ್ಲೂ ಬಗ್ಗಬಹುದು. ದುಡ್ಡಿನಲ್ಲಿ ಮಾತ್ರ ಬೇಡ. ಆ ದೊಡ್ಡ ಪಕ್ಷದವರ ದುಡ್ಡಲ್ಲಿ ಬಾಡೂಟ ಹಾಕಿಸಿದವನು ಕೆರೆ ಒತ್ತುವರಿಯ ಪ್ರಶ್ನೆಯನ್ನು ಸದನದಲ್ಲಿ ಎತ್ತಲಾರ. ಎತ್ತಿದರೂ ಯಾರೂ ನಂಬುವುದಿಲ್ಲ.

ರಾತ್ರಿ ಯಾರದೋ ತೋಟದ ಮನೆಯಲ್ಲಿ ಕೂತು ಒಪ್ಪಂದ ಮಾಡಿಕೊಳ್ಳಬೇಡ. ಅವರು ಏನು ಕೊಡುತ್ತಾರೆ, ನೀನು ಏನು ಕೊಡುವುದಿಲ್ಲ, ಎರಡನ್ನೂ ಕಾಗದದಲ್ಲಿ ಬರೆಸಿ ಸಂತೆ ದಿನ ಮೈಕಿನಲ್ಲಿ ಓದು. ಅದಕ್ಕೆ ಅವರು ಒಪ್ಪದಿದ್ದರೆ ಒಬ್ಬನೇ ನಿಲ್ಲು, ಠೇವಣಿ ಹೋದರೆ ಹೋಗಲಿ. ನಮ್ಮೂರ ಬೂತಿಗೆ ಏಜೆಂಟಾಗಿ ನಾನು ಕೂರುತ್ತೇನೆ, ಫಾರಂ ತಂದುಕೊಡು.

ಇಂತಿ ನಿನ್ನ
ಊರಿನ ಅಣ್ಣ