ಬಿಚ್ಚುವ ಮೊದಲು ಹಾದಿ ಹಿಡಿ

ತಮ್ಮಾ, ನಲವತ್ತು ವರ್ಷದ ಹಾಯಿದೋಣಿ ಕೊಂಡಿದ್ದೀಯ. ಫೈಬರ್‌ಗ್ಲಾಸಿನ ಒಡಲು ಗಟ್ಟಿಯಾಗಿದ್ದರೆ ಅದರ ವಯಸ್ಸಿಗೆ ಹೆದರಬೇಡ. ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿಗೆ 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳನ್ನಷ್ಟೇ ಸೇರಿಸುತ್ತಾರೆ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಅಂಥದೊಂದು 36 ಅಡಿಯ ದೋಣಿಯಲ್ಲಿ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು. ಆ ರೇಸಿನಲ್ಲಿ ಹೊರಗಿನ ನೆರವು ಪಡೆಯುವಂತಿಲ್ಲ. ಕೆಟ್ಟದ್ದನ್ನೆಲ್ಲ ತಾವೇ ಸರಿಪಡಿಸಿಕೊಳ್ಳಬೇಕು. ನೀನು ದೂರ ಹೋದಾಗ ನಿನ್ನ ಪಾಡೂ ಅಷ್ಟೇ.

ನಾನು ಹೇಳುವುದು ಒಂದೇ ಮಾತು. ಏನು ಕೆಟ್ಟರೂ ತಕ್ಷಣ ಸ್ಪ್ಯಾನರ್ ಎತ್ತಬೇಡ. ದೋಣಿಯ ಪ್ರತಿ ಯಂತ್ರದಲ್ಲೂ ಏನೋ ಒಂದು ಹರಿಯುತ್ತದೆ: ಡೀಸೆಲ್, ಕಡಲ ನೀರು, ಕರೆಂಟು. ಅದು ಹೊರಡುವ ಕಡೆಯಿಂದ ಸೇರುವ ಕಡೆಯವರೆಗೆ ಹಾದಿ ಹಿಡಿದು ನಡೆ. ತೊಂದರೆ ಆ ಹಾದಿಯಲ್ಲೇ ಸಿಗುತ್ತದೆ.

ಎಂಜಿನ್ ಬಿಸಿಯೇರಿತು ಅಂದುಕೋ. ಹಿಂಬದಿಗೆ ಹೋಗಿ ನೋಡು, ಹೊಗೆಕೊಳವೆ ಹೊಗೆಯ ಜೊತೆ ನೀರು ಉಗುಳುತ್ತಿದೆಯೇ? ಇಲ್ಲವಾದರೆ ಎಂಜಿನ್ ನಿಲ್ಲಿಸು. ಕಡಲ ನೀರು ಒಳಬಿಡುವ ಕವಾಟ, ಅಂದರೆ ಸೀಕಾಕ್, ತೆರೆದಿದೆಯೇ ನೋಡು, ಆಮೇಲೆ ಆ ನೀರು ಸೋಸುವ ಸ್ಟ್ರೈನರ್‌ನಲ್ಲಿ ಪಾಚಿ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆಯೇ ನೋಡು. ಅವೆರಡೂ ಸರಿಯಿದ್ದರೆ ಪಂಪಿನ ಮುಚ್ಚಳ ಬಿಚ್ಚು. ಒಳಗಿನ ರಬ್ಬರ್ ಇಂಪೆಲ್ಲರ್ ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿಗೇ ಅದರ ರೆಕ್ಕೆಗಳು ಕಿತ್ತುಹೋಗುತ್ತವೆ. ಹೊಸದು ಕೂರಿಸಿದೊಡನೆ ಕೆಲಸ ಮುಗಿಯಲಿಲ್ಲ. ಹರಿದ ಚೂರುಗಳು ನೀರಿನೊಂದಿಗೆ ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ಕೊಳವೆಗಳ ಬಾಯಲ್ಲಿ ಕೂರುತ್ತವೆ. ಅವನ್ನು ಹೆಕ್ಕಿ ತೆಗೆದು ಹಳೆಯ ಇಂಪೆಲ್ಲರ್‌ಗೆ ಒಂದೊಂದಾಗಿ ಹೊಂದಿಸಿ ನೋಡು. ಒಂದು ಚೂರು ಕಡಿಮೆ ಬಿದ್ದರೂ ಮತ್ತೆ ಹುಡುಕು.

ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಸೇರಿದರೆ, ಎರಡೂ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಕಡಲು ಶಾಂತವಾಗಿರುವಾಗ ಅದು ತಳ ಬಿಟ್ಟು ಏಳುವುದಿಲ್ಲ. ಅಲೆಗೆ ದೋಣಿ ಕುಲುಕಿದಾಗ ಎದ್ದುಬಂದು ಫಿಲ್ಟರ್ ಮುಚ್ಚಿಬಿಡುತ್ತದೆ; ಎಂಜಿನ್ ನಿಲ್ಲುವುದು ಅದು ಬೇಕೇಬೇಕಾದ ಹೊತ್ತಿನಲ್ಲಿ. ಹೊರಡುವ ಮುನ್ನ ಫಿಲ್ಟರಿನ ಕೆಳಗಿನ ಪಾರದರ್ಶಕ ಬಟ್ಟಲು ನೋಡು, ನೀರು ಕಂಡರೆ ಬಸಿ. ಫಿಲ್ಟರ್ ಬದಲಿಸಿ ಏರ್ ತೆಗೆಯುವುದನ್ನು ದಕ್ಕೆಯಲ್ಲೇ ಕೈಗೆ ರೂಢಿ ಮಾಡಿಕೋ.

ದೀಪ ಮಂಕಾದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಸುಮಾರು 12.7 ವೋಲ್ಟ್ ಇರಬೇಕು, 12.2 ಅಂದರೆ ಹತ್ತಿರ ಹತ್ತಿರ ಅರ್ಧ ಖಾಲಿ. ಬ್ಯಾಟರಿ ಸರಿಯಿದ್ದರೆ, ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಒಂದೊಂದು ಜಾಯಿಂಟನ್ನೂ ದಾಟುತ್ತ ಬಾ. ವೋಲ್ಟೇಜ್ ಎಲ್ಲಿ ದಿಢೀರನೆ ಇಳಿಯುತ್ತದೋ ಅಲ್ಲಿ ತಾಮ್ರ ಕಿಲುಬು ಹಿಡಿದಿರುತ್ತದೆ. ಹಿಂದಿರುಗುವ ನೆಗೆಟಿವ್ ತಂತಿಯನ್ನೂ ಹೀಗೇ ನೋಡು; ಬಹಳ ಜನ ಅದನ್ನು ಮರೆಯುತ್ತಾರೆ.

ಭಾರಕ್ಕೂ ಒಂದು ಹಾದಿ ಇದೆ. ಹಾಯಿಗೆ ತುಂಬಿದ ಗಾಳಿಯ ಎಳೆತ ಕೂವೆಮರಕ್ಕೆ, ಅಲ್ಲಿಂದ ಉಕ್ಕಿನ ತಂತಿಹಗ್ಗಗಳಿಗೆ, ಅವುಗಳಿಂದ ಚೈನ್‌ಪ್ಲೇಟ್ ಎಂಬ ಲೋಹದ ಪಟ್ಟಿಯ ಮೂಲಕ ಒಡಲಿಗೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂದು ನಂಬಬೇಡ. ಚೈನ್‌ಪ್ಲೇಟ್ ಡೆಕ್ಕನ್ನು ತೂರಿ ಇಳಿಯುವ ಕಡೆ ಉಪ್ಪುನೀರು ನಿಂತು, ಆಮ್ಲಜನಕ ಸಿಗದೆ, ಲೋಹ ಒಳಗೊಳಗೇ ಸವೆಯುತ್ತದೆ. ಹೊರಗೆ ಫಳಫಳ ಹೊಳೆಯುತ್ತಲೇ ಇರುತ್ತದೆ. ಅದನ್ನು ಹೊರಗೆಳೆದು ನೋಡಲೇಬೇಕು. ತಂತಿಹಗ್ಗಗಳು ಹತ್ತು ಹದಿನೈದು ವರ್ಷ ದಾಟಿದ್ದರೆ ಬದಲಿಸು. ಅಲ್ಲಿ ಜುಗ್ಗತನ ಸಲ್ಲದು.

ಪ್ರತಿ ತಿಂಗಳು ಎಲ್ಲ ಸೀಕಾಕ್‌ಗಳನ್ನೂ ಒಮ್ಮೆ ಮುಚ್ಚಿ ತೆರೆ, ಇಲ್ಲದಿದ್ದರೆ ಬೇಕಾದ ದಿನ ಅವು ಜಗ್ಗುವುದಿಲ್ಲ. ಮುರಿದರೆ ತೂತು ಮುಚ್ಚಲು ಪ್ರತಿಯೊಂದರ ಪಕ್ಕದಲ್ಲೂ ಅಳತೆಗೆ ತಕ್ಕ ಮರದ ಬಿರಡೆ ಕಟ್ಟಿಡು. ಈ ಹಾದಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಚಿತ್ರ ಬರೆದು, ಜೊತೆಗೆ ಬರುವವರಿಗೂ ಕೈಹಿಡಿದು ತೋರಿಸು. ಅಲೆಯ ಹೊಡೆತಕ್ಕೆ ವಾಂತಿಯಾಗಿ ನೀನು ಮಲಗಿದ ದಿನ ದೋಣಿಯ ಮೆಕ್ಯಾನಿಕ್ ಅವರೇ.