ಹೀಟರ್ ಇಲ್ಲದೆ ಜನವರಿಯ ಪಾಲಕ್

ಲೇಹ್ ಇರುವುದು ಸುಮಾರು 3500 ಮೀಟರ್ ಎತ್ತರದಲ್ಲಿ. ಚಳಿಗಾಲದ ರಾತ್ರಿ ಅಲ್ಲಿ ಉಷ್ಣಾಂಶ ಮೈನಸ್ 20 ಡಿಗ್ರಿಗೂ ಇಳಿಯುತ್ತೆ. ಹಿಮ ಬಿದ್ದು ಕಣಿವೆ ರಸ್ತೆ ಮುಚ್ಚಿದರೆ ಹಸಿ ತರಕಾರಿ ವಿಮಾನದಲ್ಲೇ ಬರಬೇಕು. ಬೆಲೆ ಕೇಳೋದೇ ಬೇಡ. ಆದರೂ ಲಡಾಖಿನ ಹಳ್ಳಿಗಳ ಹಸಿರುಮನೆಗಳಲ್ಲಿ ಆಗಲೂ ಪಾಲಕ್, ಕೊತ್ತಂಬರಿ ಬೆಳೆಯುತ್ತಾರೆ. ಹೀಟರ್ ಇಲ್ಲ, ಡೀಸೆಲ್ ಇಲ್ಲ. ಹೇಗೆ ಅಂತ ನೋಡೋಣ.

ಮೊದಲು ದಿಕ್ಕು. ಡಿಸೆಂಬರ್ ಕೊನೆಯಲ್ಲಿ ಲೇಹ್‌ನ ನಡುಹಗಲ ಸೂರ್ಯ ದಿಗಂತದಿಂದ ಬರೀ 32 ಡಿಗ್ರಿ ಮೇಲಿರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ಇಳಿಜಾರಾಗಿ ಪಾಲಿಥೀನ್ ಹೊದಿಸಿ, ಉಳಿದ ಮೂರು ಕಡೆ ಹಸಿ ಇಟ್ಟಿಗೆಯ ದಪ್ಪ ಗೋಡೆ ಕಟ್ಟುತ್ತಾರೆ. ಓರೆ ಬಿಸಿಲು ನೇರ ಹಿಂದಿನ ಗೋಡೆಗೆ ಬೀಳುತ್ತೆ. ಗೋಡೆ ಹಗಲು ಹೀರಿದ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುತ್ತೆ.

ಈ ಶಾಖ ಎಷ್ಟಿದ್ದೀತು? ಒಳಗೆ 200 ಲೀಟರ್ ನೀರಿನ ಡ್ರಮ್ ಇಟ್ಟೆವು ಅಂದುಕೊಳ್ಳೋಣ. ರಾತ್ರಿ ಅದು 10 ಡಿಗ್ರಿ ತಣ್ಣಗಾದರೆ 200 × 4.18 × 10 = 8360 ಕಿಲೋಜೌಲ್, ಅಂದರೆ ಸುಮಾರು 2.3 ಯೂನಿಟ್ ಕರೆಂಟಿಗೆ ಸಮ!

ಆದರೆ ಗಾಜಿನಂತಲ್ಲ, ಸಾದಾ ಪಾಲಿಥೀನ್ ಅವಗೆಂಪು ಕಿರಣಗಳನ್ನು ಹೊರಗೆ ಬಿಟ್ಟುಬಿಡುತ್ತೆ. ಅದಕ್ಕೇ ಸಂಜೆಯಾದರೆ ಪರದೆ ಎಳೆಯಬೇಕು. ಬೆಳೆಯೂ ಮುಖ್ಯ: ಟೊಮೆಟೊ ಹಿಮಗಟ್ಟಿದರೆ ಸಾಯುತ್ತೆ, ಪಾಲಕ್ ಸ್ವಲ್ಪ ಮಟ್ಟಿಗೆ ತಡೆಯುತ್ತೆ.

ಶಾಖ ಉಂಟುಮಾಡುವುದಕ್ಕಿಂತ ಬಂದದ್ದನ್ನು ಉಳಿಸಿಕೊಳ್ಳುವುದೇ ಇಲ್ಲಿನ ಎಂಜಿನಿಯರಿಂಗ್. ಈಗ ಲೆಕ್ಕ ನಿಮ್ಮದು: ನೀರಿನ ಬದಲು 200 ಕೆ.ಜಿ. ಕಲ್ಲಿಟ್ಟರೆ ಎಷ್ಟು ಯೂನಿಟ್ ಸಿಗುತ್ತೆ? ಕಲ್ಲಿನ ವಿಶಿಷ್ಟೋಷ್ಣ ಸುಮಾರು 0.8 ಅಂತ ಹಿಡಿಯಿರಿ.