ಬಿದ್ದ ಹಣ್ಣನ್ನು ಮೊದಲು ಹೆಕ್ಕು

ಮಗೂ, ಶ್ರೀನಿವಾಸಪುರದ ಮಾವಿನ ತೋಟಕ್ಕೆ ಮೋಹಕ ಬಲೆ ಕಟ್ಟಿಸಿದ್ದೀಯಂತೆ, ಕೇಳಿ ಸಂತೋಷವಾಯಿತು. ಆದರೆ ಡಬ್ಬಿಯಲ್ಲಿ ನೊಣ ರಾಶಿ ಬಿದ್ದಿದೆ ಎಂದು ಹಣ್ಣಿನ ಊಜಿ ನೊಣದ ಕಾಟ ತೀರಿತು ಅಂದುಕೊಳ್ಳಬೇಡ. ಮಿಥೈಲ್ ಯೂಜಿನಾಲ್ ವಾಸನೆಗೆ ಬರುವುದು ಗಂಡು ನೊಣ ಮಾತ್ರ. ಆಗಲೇ ಬಸುರಾದ ಹೆಣ್ಣು ಹಣ್ಣಿಗೆ ಚುಚ್ಚುವುದನ್ನು ಬಿಡುವುದಿಲ್ಲ. ಅದಕ್ಕೇ ಬಲೆಯನ್ನು ಕೊಯ್ಲಿಗೆ ಎರಡು ತಿಂಗಳು ಇರುವಾಗಲೇ ಕಟ್ಟಬೇಕು, ಎಕರೆಗೆ ಆರೆಂಟರಂತೆ. ಪಕ್ಕದ ತೋಟದವರನ್ನೂ ಒಪ್ಪಿಸು. ನಿನ್ನ ಎರಡೆಕರೆಯಲ್ಲಿ ಮಾತ್ರ ಕಟ್ಟಿದರೆ ನೊಣ ಬೇಲಿ ದಾಟಿ ಬರುತ್ತಲೇ ಇರುತ್ತದೆ.

ನಿಜವಾದ ಕೆಲಸ ಇರುವುದು ಮರದ ಬುಡದಲ್ಲಿ. ಬಿದ್ದ ಬಾದಾಮಿ ಮಾವಿನ ಹಣ್ಣೊಂದನ್ನು ಕೈಗೆತ್ತಿಕೊಂಡು ನೋಡು. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ತೂತು, ಸುತ್ತ ಕಂದು ಮಚ್ಚೆ, ಕೆಲವೊಮ್ಮೆ ಒಂದು ಹನಿ ರಸ. ಹೆಬ್ಬೆರಳಲ್ಲಿ ಒತ್ತಿದರೆ ಅಲ್ಲಿ ಮೆತ್ತಗೆ ಕುಸಿಯುತ್ತದೆ. ಕೊಯ್ದರೆ ಕೆನೆಬಣ್ಣದ ಹುಳು ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಚಿಮ್ಮುತ್ತದೆ. ಅದು ಹಣ್ಣು ಬಿಟ್ಟು ಮಣ್ಣಿಗಿಳಿದು, ಮೇಲ್ಮಣ್ಣಲ್ಲೇ ಕೋಶವಾಗಿ, ಹತ್ತು ಹನ್ನೆರಡು ದಿನಕ್ಕೆಲ್ಲ ನೊಣವಾಗಿ ಏಳುತ್ತದೆ. ಬಿದ್ದದ್ದನ್ನು ನಾಳೆ ನೋಡೋಣ ಎಂದು ಬಿಟ್ಟರೆ ನಿನ್ನ ತೋಟದಲ್ಲಿ ನೀನೇ ನೊಣ ಸಾಕಿದಂತೆ.

ಹಾಗಾಗಿ ದಿನಾ ಬೆಳಿಗ್ಗೆ ಹೆಕ್ಕಬೇಕು. ತಿಪ್ಪೆಗೆ ಎಸೆಯಬೇಡ. ಎರಡು ಮೂರಡಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ ತುಳಿ. ಇಲ್ಲವೇ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಬಿಸಿಲಿಗಿಡು. ಕೊಯ್ಲಾದ ಮೇಲೆ ಬುಡದ ಮಣ್ಣು ಕೆದಕಿಸು, ಕೋಶಗಳು ಬಿಸಿಲಿಗೂ ಇರುವೆಗೂ ಸಿಗಲಿ.

ಇನ್ನು ಕೊಯ್ಲು. ಭುಜ ತುಂಬಿ ಬಲಿತ ಕಾಯಿಯನ್ನು ತಡಮಾಡದೆ ಕೀಳಿಸು. ಮರದಲ್ಲೇ ಮಾಗಲಿ ಎಂದು ಬಿಟ್ಟದ್ದಕ್ಕೇ ನೊಣ ಮುತ್ತುವುದು, ಮಳೆ ಬಿದ್ದರಂತೂ ಕೇಳಲೇಬೇಡ. ಕಿತ್ತ ದಿನವೇ 48 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆ, ಎಳೆಹುಳು ಸಾಯುತ್ತವೆ. ಥರ್ಮಾಮೀಟರ್ ಇಲ್ಲದೆ ಅಂದಾಜಿನ ಮೇಲೆ ಮಾಡಬೇಡ, ಹಣ್ಣು ಬೆಂದುಹೋಗುತ್ತದೆ. ಈ ನೊಣದ ಕಾರಣಕ್ಕೇ ಯುರೋಪ್ ಒಕ್ಕೂಟ 2014ರ ಮೇ ತಿಂಗಳಲ್ಲಿ ನಮ್ಮ ದೇಶದ ಮಾವನ್ನೇ ಬೇಡವೆಂದಿತ್ತು. ಮರುವರ್ಷ ಮತ್ತೆ ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋಗುವ ಹಣ್ಣಿಗೆ ಈ ಬಿಸಿನೀರಿನ ಸ್ನಾನವೋ ಬಿಸಿಹಬೆಯ ಉಪಚಾರವೋ ಆಗಲೇಬೇಕು.

ತೋತಾಪುರಿ ಬೆಲೆ ಬಿದ್ದಾಗ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳನ್ನೇ ನಂಬಿ ಕಾಯುತ್ತ ಕೂರಬೇಡ. ಒಂದು ಪಾಲನ್ನಾದರೂ ಮನೆಯಲ್ಲೇ ಒಣಗಿಸು. ಹಸಿಗಾಯಿಯ ಸಿಪ್ಪೆ ಹೆರೆದು ಸ್ಟೀಲ್ ಚಾಕುವಲ್ಲಿ ತೆಳ್ಳಗೆ ಹೆಚ್ಚು, ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಒಣಗಿದ ಹೋಳು ಮುರಿದರೆ ಪಟ್ಟೆನ್ನಬೇಕು, ಬಾಗಿದರೆ ಇನ್ನೂ ಬಿಸಿಲು ಬೇಕು. ಪುಡಿ ಮಾಡಿದರೆ ಆಮ್‌ಚೂರ್. ಗಾಳಿಗೆ ಉದುರಿದ ಕಾಯಿಯೂ ಆದೀತು, ಅಂದೇ ಹೆಕ್ಕಿದ್ದಿರಬೇಕು, ಚುಚ್ಚಿದ ಗುರುತಿರಬಾರದು. ಬಾದಾಮಿ, ರಸಪುರಿಯ ಸಣ್ಣ ಹಣ್ಣುಗಳ ರಸ ಹಿಂಡಿ ತಟ್ಟೆಯಲ್ಲಿ ಪದರ ಪದರವಾಗಿ ಒಣಗಿಸಿ ಮಾಂಬಳ ಮಾಡು. ಮೇಲೆ ಸೊಳ್ಳೆಪರದೆ ಬಟ್ಟೆ ಹೊದಿಸುವುದು ಮರೆಯಬೇಡ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹುಳು ಬಿದ್ದ ಹಣ್ಣಿನ ಚೆನ್ನಾಗಿರುವ ಭಾಗ ಎಂದು ಕೊಯ್ದು ರಸಕ್ಕೆ ಸೇರಿಸಬೇಡ. ಕಣ್ಣಿಗೆ ಕಾಣದ ಕೊಳೆ ಆಗಲೇ ಒಳಗೆ ಹರಡಿರುತ್ತದೆ, ಇಡೀ ಪಾತ್ರೆ ಹುಳಿಯುತ್ತದೆ. ಆಮ್‌ಚೂರ್, ಮಾಂಬಳ ಮಾರುವ ಯೋಚನೆಯಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಈಗಲೇ ಮಾಡಿಸಿಕೋ. ಬಾದಾಮಿ ಬಲಿಯುವ ಹೊತ್ತಾಯಿತು, ಈ ವಾರವೇ ಗುಂಡಿ ತೋಡಿಸಿಬಿಡು.